ಕನಸಿನ ಊರಿನಲ್ಲಿ ಚರಂಡಿ ಬಳಿಯುವವರಾರು?

(ಹೊಳಲ್ಕೆರೆ ತಾಲ್ಲೂಕು ತಾಳ್ಯದಲ್ಲಿ ಪಕ್ಷದ ಅಧ್ಯಯನ ಕೂಟದ ಮುಂದೆ ಮಾಡಿದ ಭಾಷಣ)



ಬೆಳೆವಿಮೆ, ಬಗರ್‌ಹುಕುಂ ಅರ್ಜಿ, ಮೆಕ್ಕೆಜೋಳದ ಬೆಲೆ, ಇವುಗಳ ಮಾತು ಕೇಳಬೇಕೆಂದು ಬಂದವರಿಗೆ ಮೊದಲೇ ಹೇಳಿಬಿಡುವುದು ಮೇಲು. ಈ ಸಂಜೆ ನಾವು ಆಡಹೊರಟಿರುವುದು ಕಥೆಪುಸ್ತಕಗಳ ಮಾತು. ಅದೂ ನೂರ ಮೂವತ್ತು ವರ್ಷಕ್ಕೂ ಹಿಂದೆ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕೊನೆಗಾಲದಲ್ಲಿ, ಇಂಗ್ಲೆಂಡ್ ಅಮೆರಿಕಗಳಲ್ಲಿ ಬರೆದ ಕಥೆಗಳು. "ಈ ಮೇಷ್ಟ್ರಿಗೆ ಪಾಠದ ಚಟ ಇನ್ನೂ ಬಿಟ್ಟಿಲ್ಲ" ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ನಮ್ಮ ಕಿವಿಗೆ ಬಿತ್ತು. ನಿಜ, ಬಿಟ್ಟಿಲ್ಲ. ಆದರೆ ಈ ಕಥೆಗಳನ್ನು ಓದಿದ ಮೇಲೆ ನಮ್ಮ ಮೇಷ್ಟರಿಕೆಯ ಕಾಲದ ಒಂದು ತಪ್ಪು ನಮಗೆ ಕಂಡಿತು. ಅದನ್ನು ಮೊದಲು ಒಪ್ಪಿಸಿ ಆಮೇಲೆ ಪುಸ್ತಕಕ್ಕೆ ಬರುತ್ತೇವೆ.

ಏಳನೆಯ ತರಗತಿಯ ಮಕ್ಕಳಿಗೆ ಒಮ್ಮೆ ಪ್ರಬಂಧ ಕೊಟ್ಟಿದ್ದೆವು: ನಮ್ಮ ಊರು ಹೇಗಿದ್ದರೆ ಚೆನ್ನ? ಮಕ್ಕಳು ಸೊಗಸಾಗಿ ಬರೆದರು. ನಲ್ಲಿಯಲ್ಲಿ ದಿನವೂ ನೀರು, ಊರೊಳಕ್ಕೆ ಬಸ್ಸು, ಆಸ್ಪತ್ರೆ. ಒಬ್ಬ ಹುಡುಗ ಕಾರ್ಖಾನೆ ಕಟ್ಟಿಸಿ, ಕೆರೆಯಂಗಳದಲ್ಲಿ ವಿಮಾನವನ್ನೇ ಇಳಿಸಿಬಿಟ್ಟಿದ್ದ. ಅವನಿಗೆ ಹತ್ತಕ್ಕೆ ಎಂಟು ಕೊಟ್ಟೆವು. ಊರ ಹೊರಗಿನ ಕೇರಿಯ ಒಬ್ಬಳು ಹುಡುಗಿ ನಾಲ್ಕೇ ಸಾಲು ಬರೆದಿದ್ದಳು. ಆ ಊರಿನಲ್ಲಿ ಅವರವರ ಕೊಟ್ಟಿಗೆಯ ಸಗಣಿಯನ್ನು ಅವರವರೇ ಬಾಚುತ್ತಾರೆ, ಅವಳ ಅವ್ವ ಬೆಳಕು ಹರಿಯುವ ಮೊದಲೇ ಎದ್ದು ಬೇರೆಯವರ ಮನೆಗೆ ಹೋಗುವುದಿಲ್ಲ, ಇಷ್ಟು. ಒತ್ತಕ್ಷರ ತಪ್ಪಿದ್ದುವು, ಪುಟ ತುಂಬಿರಲಿಲ್ಲ. ಐದು ಅಂಕ ಕೊಟ್ಟು, "ಇನ್ನಷ್ಟು ವಿವರಿಸಬೇಕು" ಎಂದು ಕೆಂಪು ಶಾಯಿಯಲ್ಲಿ ಬರೆದೆವು. ವಿವರಿಸಬೇಕಾಗಿದ್ದವರು ಯಾರು ಎಂಬುದು ಆಗ ನಮಗೆ ಹೊಳೆಯಲಿಲ್ಲ.

ಈಗ ಪುಸ್ತಕಗಳು. ನಮ್ಮ ಓದು ಮೆಟ್ರಿಕ್ಕಿಗೆ ನಿಂತದ್ದು. ಇಂಗ್ಲಿಷ್ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಓದಿದ್ದರಿಂದ ಮೊದಲನೆಯದಕ್ಕೆ ಮೂರು ವಾರ, ಎರಡನೆಯದಕ್ಕೆ ಒಂದೂವರೆ ತಿಂಗಳು ಹಿಡಿಯಿತು. ಇಂಥ ಕಥೆಗಳಿಗೆ ಯುಟೋಪಿಯ ಎಂದು ಹೆಸರು. ೧೫೧೬ರಲ್ಲಿ ಥಾಮಸ್ ಮೋರ್ ಎಂಬಾತ ಗ್ರೀಕ್ ಮಾತುಗಳನ್ನು ಕೂಡಿಸಿ ಕಟ್ಟಿದ ಪದ. ಎಲ್ಲಿಯೂ ಇಲ್ಲದ ಜಾಗ ಎಂದು ಅರ್ಥ. ಅಲ್ಲಿಂದ ಮುಂದೆ ಆಗೊಂದು ಈಗೊಂದು ಬರುತ್ತಿದ್ದ ಇಂಥ ಪುಸ್ತಕಗಳು ೧೮೭೦ರ ಆಚೆಗೆ ಮಳೆಗಾಲದ ಅಣಬೆಯಂತೆ ಎದ್ದವು. ಕಾರಣ ದೂರ ಹುಡುಕಬೇಕಾಗಿಲ್ಲ. ಉಗಿಯಂತ್ರ ಬಂದು ನೂರು ವರ್ಷವಾಗಿತ್ತು. ಹತ್ತು ಜನರ ಕೆಲಸವನ್ನು ಒಂದು ಯಂತ್ರ ಮಾಡುತ್ತಿತ್ತು. ಆದರೂ ಆ ಹತ್ತು ಜನರ ಹೊಟ್ಟೆ ತುಂಬಿರಲಿಲ್ಲ. ಹೀಗೇಕೆ ಎಂದು ಕೇಳಿದವರಿಗೆ ಪಂಡಿತರು "ಅದು ಪ್ರಕೃತಿನಿಯಮ" ಎನ್ನುತ್ತಿದ್ದರು. ಆ ನಿಯಮ ಇಲ್ಲದ ಒಂದು ಊರನ್ನು ಕಲ್ಪಿಸಿ ತೋರಿಸುವುದೇ ಅವರಿಗೆ ಕೊಡಬಹುದಾದ ಉತ್ತರವಾಯಿತು.

ಅದೇ ಕಾಲದಲ್ಲಿ ನಮ್ಮಲ್ಲಿ ಏನು ನಡೆದಿತ್ತೆಂಬುದನ್ನೂ ನೆನಪಿಡಬೇಕು. ೧೮೭೬ರಿಂದ ೭೮ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸೀಮೆಯನ್ನು ಕ್ಷಾಮ ತಿಂದಿತು. ೧೮೭೧ರ ಗಣತಿಯಲ್ಲಿ ಐವತ್ತು ಲಕ್ಷದ ಮೇಲಿದ್ದ ಜನಸಂಖ್ಯೆ ೧೮೮೧ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಹುಟ್ಟಿದವರನ್ನೂ ಲೆಕ್ಕಕ್ಕೆ ಹಿಡಿದರೆ ಸತ್ತವರೆಷ್ಟು ಎಂಬುದನ್ನು ನೀವೇ ಎಣಿಸಿ. ಲಂಡನ್ನಿನಲ್ಲಿ ಸುಖದ ಊರುಗಳ ಕಥೆ ಅಚ್ಚಾಗುತ್ತಿದ್ದಾಗ ಆ ಸಾಮ್ರಾಜ್ಯದ ಅಡಿಯಲ್ಲೇ ಇದ್ದ ನಮ್ಮ ಊರುಗಳು ಬರಿದಾಗಿದ್ದುವು. ಆ ಕಥೆಗಾರರಲ್ಲಿ ಇದನ್ನು ಗಮನಿಸಿದವರು ಕಡಮೆ. ಒಬ್ಬ ಮಾತ್ರ ನಮ್ಮ ನಾಡಿನ ಕೈಕಸುಬುದಾರರನ್ನು ನೆನೆದ. ಅವನ ವಿಷಯ ಮುಂದೆ ಬರುತ್ತದೆ.

ಮೊದಲನೆಯವನು ಎಡ್ವರ್ಡ್ ಬೆಲ್ಲಮಿ, ಅಮೆರಿಕದವನು. ಅವನ 'ಲುಕಿಂಗ್ ಬ್ಯಾಕ್‌ವರ್ಡ್', ಹಿನ್ನೋಟ ಎನ್ನೋಣ, ೧೮೮೮ರಲ್ಲಿ ಹೊರಬಂತು. ಶುರುವಿನಲ್ಲೇ ಒಂದು ಬಂಡಿಯ ಉಪಮೆ ಇದೆ. ನಮಗಾದರೆ ಅದನ್ನು ತೇರಿನ ಉಪಮೆಯಾಗಿ ಹೇಳುವುದು ಸುಲಭ. ಮರಳಿನ ಏರುದಾರಿ. ಬಹುಜನ ಹಗ್ಗಕ್ಕೆ ಕೊರಳು ಕೊಟ್ಟು ಎಳೆಯುತ್ತಿದ್ದಾರೆ. ಸಾರಥಿಯ ಹೆಸರು ಹಸಿವು. ಮೇಲೆ ಗಾಳಿ ಬೆಳಕಿನಲ್ಲಿ ಕೆಲವರು ಕುಳಿತಿದ್ದಾರೆ. ನಮ್ಮ ತೇರಿನ ಮೇಲೆ ದೇವರು ಕುಳಿತಿರುತ್ತಾನೆ, ಜಾತ್ರೆ ಮುಗಿದ ಮೇಲೆ ಇಳಿಯುತ್ತಾನೆ. ಅಲ್ಲಿ ಕುಳಿತವರು ಇಳಿಯುವುದೇ ಇಲ್ಲ, ತಮ್ಮ ಜಾಗವನ್ನು ಮಕ್ಕಳ ಹೆಸರಿಗೆ ಬರೆದಿಡುತ್ತಾರೆ. ಅವರು ಕಲ್ಲೆದೆಯವರೇನೂ ಅಲ್ಲ. ಎಳೆಯುವವರು ಬಿದ್ದು ಗಾಯ ಮಾಡಿಕೊಂಡಾಗ ಮರುಕಪಡುತ್ತಾರೆ, ಚಂದಾ ಎತ್ತಿ ಮುಲಾಮು ಕೊಳ್ಳುತ್ತಾರೆ. ಆದರೆ ತೇರು ಹೀಗಲ್ಲದೆ ಬೇರೆ ರೀತಿಯಲ್ಲಿ ಸಾಗದು, ತಮ್ಮ ಮೈಯ ಮಣ್ಣೇ ಬೇರೆ ಎಂದು ನಂಬಿದ್ದಾರೆ. ಕೆಳಗೆ ಎಳೆಯುತ್ತಿದ್ದವನು ಹೇಗೋ ಮೇಲೆ ಹತ್ತಿದರೆ, ಹಗ್ಗದ ಗುರುತು ಕೈಯಿಂದ ಮಾಸುವ ಮೊದಲೇ ಅವನಿಗೂ ಅದೇ ನಂಬಿಕೆ ಬರುತ್ತದೆ. ಈ ಕೊನೆಯ ಮಾತನ್ನು ಓದಿದಾಗ ನಮ್ಮ ತಾಲ್ಲೂಕಿನ ಕೆಲವರ ಮುಖ ಕಣ್ಣಮುಂದೆ ಬಂತು. ಹೆಸರು ಬೇಡ.

ಕಥೆ ಸರಳವಾದದ್ದು. ಜೂಲಿಯನ್ ವೆಸ್ಟ್ ಎಂಬ ಬೋಸ್ಟನ್ನಿನ ಸಿರಿವಂತ, ನಿದ್ದೆ ಬಾರದ ರೋಗದವನು, ೧೮೮೭ರ ಮೇ ತಿಂಗಳಲ್ಲಿ ನೆಲಮಾಳಿಗೆಯಲ್ಲಿ ಮಲಗಿ ೨೦೦೦ನೆಯ ಇಸವಿಯಲ್ಲಿ ಏಳುತ್ತಾನೆ. ಡಾಕ್ಟರ್ ಲೀಟ್ ಎಂಬವರು ಅವನಿಗೆ ಹೊಸ ವ್ಯವಸ್ಥೆಯನ್ನು ತೋರಿಸುತ್ತಾರೆ. ಧಣಿಗಳಿಲ್ಲ, ಕಂಪನಿಗಳಿಲ್ಲ, ಇಡೀ ದೇಶವೇ ಒಂದು ಕಂಪನಿ. ಇಪ್ಪತ್ತೊಂದನೆಯ ವಯಸ್ಸಿನವರೆಗೆ ಎಲ್ಲರಿಗೂ ವಿದ್ಯೆ, ಅಲ್ಲಿಂದ ನಲವತ್ತೈದರವರೆಗೆ ದುಡಿಮೆ, ಆಮೇಲೆ ವಿರಾಮ. ಡಾಕ್ಟರನಾಗುವವನೂ ಮೊದಲ ಮೂರು ವರ್ಷ ಸಾಮಾನ್ಯ ಕೂಲಿಯ ಕೆಲಸ ಮಾಡಲೇಬೇಕು. ವರ್ಷಕ್ಕೊಮ್ಮೆ ಎಲ್ಲರಿಗೂ ಸಮನಾದ ಲೆಕ್ಕದ ಒಂದು ಚೀಟಿ. ಅದಕ್ಕೆ ಬೆಲ್ಲಮಿ ಇಟ್ಟ ಹೆಸರು ಕ್ರೆಡಿಟ್ ಕಾರ್ಡ್! ಇಂದು ಬ್ಯಾಂಕಿನವರು ಮನೆಬಾಗಿಲಿಗೆ ತಂದು ಸಾಲದ ಕುಣಿಕೆ ಹಾಕುತ್ತಾರಲ್ಲ, ಆ ಹೆಸರು ಮೊದಲು ಹುಟ್ಟಿದ್ದು ಸಾಲವೇ ಇಲ್ಲದ ನಾಡಿನ ಕಥೆಯಲ್ಲಿ. ಕುರುಡರಿಗೆ, ಕುಂಟರಿಗೆ, ರೋಗಿಗಳಿಗೆ ಕೂಡ ಅಷ್ಟೇ ಪಾಲು. ದಾನವೆಂದಲ್ಲ, ಮನುಷ್ಯರಾಗಿ ಹುಟ್ಟಿದ್ದೇ ಅವರ ಹಕ್ಕುಪತ್ರ.

ಹೊಲಸು ಕೆಲಸ ಯಾರದು? ಇದಕ್ಕೆ ಬೆಲ್ಲಮಿ ಕೊಟ್ಟ ಉತ್ತರ ಜಾಣತನದ್ದು. ಯಾವ ಕೆಲಸಕ್ಕೆ ಜನ ತಾವಾಗಿ ಬರುವುದಿಲ್ಲವೋ ಅದರ ಹೊತ್ತನ್ನು ಕಡಮೆ ಮಾಡುತ್ತ ಹೋಗು. ಕಚೇರಿ ಕೆಲಸ ದೀರ್ಘ, ಗಣಿಯ ಕೆಲಸ ಬಹು ಗಿಡ್ಡ. ಇನ್ನೂ ಬಾರದಿದ್ದರೆ ಇನ್ನೂ ಕಡಮೆ ಮಾಡು. ಕೂಲಿ ಹೆಚ್ಚಿಸುವಂತಿಲ್ಲ, ಏಕೆಂದರೆ ಪಾಲು ಎಲ್ಲರಿಗೂ ಸಮ. ಹೊತ್ತೊಂದೇ ತಕ್ಕಡಿ. ಇದನ್ನು ಓದಿದ ರಾತ್ರಿ ನಾವು ಲೆಕ್ಕ ಹಾಕಿದೆವು: ನಮ್ಮ ಪೇಟೆಗಳಲ್ಲಿ ನಸುಕಿನಲ್ಲಿ ಬೀದಿ ಗುಡಿಸುವವರ ಹೊತ್ತು ಎಷ್ಟು, ಹತ್ತು ಗಂಟೆಗೆ ಬಂದು ಹಾಜರಿ ಹಾಕುವವರ ಹೊತ್ತು ಎಷ್ಟು? ನಮ್ಮ ತಕ್ಕಡಿ ನೆಟ್ಟಗೆ ತಲೆಕೆಳಗಾಗಿ ತೂಗುತ್ತಿದೆ.

ಆದರೆ ಬೆಲ್ಲಮಿಯ ನಾಡನ್ನು ಒಪ್ಪಿಕೊಂಡು ಸಹಿ ಹಾಕಲು ನಾವು ಸಿದ್ಧರಿಲ್ಲ. ಅಲ್ಲಿ ದುಡಿಮೆಗಾರರ ಪಡೆಗೆ ದಂಡಿನ ಶಿಸ್ತು. ದುಡಿಯುತ್ತಿರುವವರಿಗೆ ತಮ್ಮ ಮೇಲಿನವರನ್ನು ಆರಿಸುವ ಮತವಿಲ್ಲ, ಆ ಮತ ನಿವೃತ್ತರಿಗೆ. ಶಿಸ್ತು ಕೆಡಬಾರದೆಂದು ಹೀಗಂತೆ. ಊಟ ಕೊಟ್ಟು ಬಾಯಿ ಹೊಲಿಯುವ ಸಮತೆ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಇಪ್ಪತ್ತನೆಯ ಶತಮಾನ ಕಂಡಿದೆ. ಇನ್ನೊಂದು ಕೊರತೆ ಇದಕ್ಕಿಂತ ಸಣ್ಣದಾಗಿ ಕಾಣುತ್ತದೆ, ಸಣ್ಣದಲ್ಲ. ಕಥೆಯ ಮೊದಲಲ್ಲಿ, ೧೮೮೭ರಲ್ಲಿ, ವೆಸ್ಟನಿಗೆ ಸಾಯರ್ ಎಂಬ ಕರಿಯ ಆಳು ಇದ್ದಾನೆ. ಹಾಸಿಗೆ ನೋಡುವವನು, ಬೆಳಿಗ್ಗೆ ಎಬ್ಬಿಸುವವನು ಅವನೇ. ೨೦೦೦ದ ಬೋಸ್ಟನ್ನಿನಲ್ಲಿ ಸಾಯರನ ಮೊಮ್ಮಕ್ಕಳು ಎಲ್ಲೂ ಕಾಣಿಸುವುದಿಲ್ಲ. ಕರಿಯರು ಸಮಾನರಾದರೋ, ಹೋದರೋ, ಬೆಲ್ಲಮಿ ಒಂದು ಮಾತೂ ಹೇಳುವುದಿಲ್ಲ. ಬಡತನ ಹೋದರೆ ಉಳಿದದ್ದೆಲ್ಲ ತಾನಾಗಿ ಹೋಗುತ್ತದೆಂದು ಅವನು ನಂಬಿದ್ದಂತೆ ಕಾಣುತ್ತದೆ. ನಮ್ಮಲ್ಲಿಯೂ ಎಷ್ಟೋ ಒಳ್ಳೆಯ ಸಮಾಜವಾದಿಗಳು ಬಹುಕಾಲ ಜಾತಿಯ ವಿಷಯದಲ್ಲಿ ಹೀಗೆಯೇ ನಂಬಿದ್ದರು.

ಈ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಅದರ ಹೆಸರಿನಲ್ಲಿ ಅಮೆರಿಕದಲ್ಲಿ ನೂರಕ್ಕೂ ಮಿಕ್ಕಿ ಸಂಘಗಳು ಹುಟ್ಟಿದವು. ಲಂಡನ್ನಿನ ಎಬೆನೀಜರ್ ಹವರ್ಡ್ ಎಂಬ ಶೀಘ್ರಲಿಪಿಕಾರ ಇದನ್ನು ಓದಿ ತಲೆಗೆ ಹತ್ತಿಸಿಕೊಂಡು, ೧೮೯೮ರಲ್ಲಿ ತನ್ನದೇ ಒಂದು ಯೋಜನೆಯನ್ನು ಅಚ್ಚುಹಾಕಿಸಿದ. ಉದ್ಯಾನ ನಗರ ಎಂಬ ಮಾತು ಲೋಕದಲ್ಲಿ ಹಬ್ಬಿದ್ದು ಅವನಿಂದ. ಅವನ ಯೋಜನೆಯಲ್ಲಿ ಹೂತೋಟ ಮುಖ್ಯವಲ್ಲ, ನೆಲ ಮುಖ್ಯ. ಊರು ಬೆಳೆದಂತೆ ನೆಲದ ಬೆಲೆ ಏರುತ್ತದಲ್ಲ, ಆ ಏರಿಕೆ ನೆಲದ ಒಡೆಯನ ಜೇಬಿಗೆ ಹೋಗದೆ ಊರಿನ ಬೊಕ್ಕಸಕ್ಕೆ ಬರಬೇಕು; ಆದುದರಿಂದ ನೆಲವೆಲ್ಲ ಊರಿನ ಹೆಸರಿನಲ್ಲಿರಬೇಕು. ೧೯೦೩ರಲ್ಲಿ ಲೆಚ್‌ವರ್ತ್ ಎಂಬಲ್ಲಿ ಅಂಥ ಒಂದು ಊರನ್ನು ಕಟ್ಟಲೂ ತೊಡಗಿದರು. ನಮ್ಮ ಬೆಂಗಳೂರಿಗೂ ಉದ್ಯಾನ ನಗರಿ ಎಂಬ ಬಿರುದಿದೆ. ಬಿರುದು ಬಂತು, ಲಾಲ್‌ಬಾಗು ಇತ್ತು, ಹವರ್ಡನ ನೆಲದ ಲೆಕ್ಕ ಮಾತ್ರ ಬರಲಿಲ್ಲ. ಈಗ ಬೆಂಗಳೂರಿನ ಹಣ ತುಮಕೂರು ದಾಟಿ, ಹಿರಿಯೂರು ದಾಟಿ ಹೆದ್ದಾರಿಯ ಎರಡೂ ಬದಿಗೆ ಬೇಲಿ ಹಾಕುತ್ತ ಬರುತ್ತಿದೆ. ಉಳುವವನಲ್ಲದವನು ಉಳುವ ಭೂಮಿ ಕೊಳ್ಳಬಾರದೆಂದು ನಮ್ಮ ಭೂಸುಧಾರಣಾ ಕಾನೂನಿನಲ್ಲಿದ್ದ ತಡೆಗಳನ್ನು ೨೦೨೦ರಲ್ಲಿ ತೆಗೆದುಹಾಕಿದರು. ೧೯೫೧ರಲ್ಲಿ ಕಾಗೋಡಿನ ಗೇಣಿದಾರರು ಗೇಣಿ ಅಳೆಯುವ ಕೊಳಗದ ಗಾತ್ರಕ್ಕಾಗಿ ಎದ್ದು ನಿಂತು ಜೈಲಿಗೆ ಹೋದದ್ದು, ೧೯೭೪ರ ಮಾರ್ಚ್ ೧ರಿಂದ ಗೇಣಿ ಪದ್ಧತಿ ಅಳಿದದ್ದು, ಇವುಗಳ ಕಥೆ ನಿಮಗೆ ಗೊತ್ತಿದೆ. ಅಂದಿನ ಹಕ್ಕುಪತ್ರಗಳು ಇಂದು ಯಾರ ಕೈಯಲ್ಲಿವೆ ಎಂಬುದನ್ನು ಒಂದೊಂದು ಊರಿನಲ್ಲಿಯೂ ಕುಳಿತು ಪಟ್ಟಿ ಮಾಡಬೇಕಾಗಿದೆ. ಅದು ಬೇರೆ ದಿನದ ಕೆಲಸ.

ಬೆಲ್ಲಮಿ ಬಯಸಿದ ಯಂತ್ರ ನಮ್ಮಲ್ಲಿಗೆ ಬಂದ ಬಗೆಯನ್ನು ಸ್ವಲ್ಪ ನೋಡೋಣ. ಹವರ್ಡನ ಪುಸ್ತಕ ಬಂದ ೧೮೯೮ರಲ್ಲೇ ನಮ್ಮ ಜಿಲ್ಲೆಯ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಗಟ್ಟೆ ಶುರುವಾಯಿತು, ೧೯೦೭ರಲ್ಲಿ ಮುಗಿಯಿತು. ವಾಣಿವಿಲಾಸ ಸಾಗರವೆಂದು ರಾಣಿಯ ಹೆಸರು, ಶೇಷಾದ್ರಿ ಅಯ್ಯರೆಂದು ದಿವಾನರ ಹೆಸರು ನಮಗೆ ಬಾಯಿಪಾಠ. ಕಲ್ಲು ಹೊತ್ತವರ ಒಂದು ಹೆಸರು ಹೇಳಿ ಎಂದರೆ ಸುಮ್ಮನಾಗುತ್ತೇವೆ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿತು. ಕಾವೇರಿಯ ಆ ಬೆಳಕು ಮೊದಲು ಹೋದದ್ದು ನಮ್ಮ ಯಾವ ಊರಿಗೂ ಅಲ್ಲ, ಕೋಲಾರದ ಚಿನ್ನದ ಗಣಿಗೆ, ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿದ್ದ ಗಣಿಗೆ. ಬೆಂಗಳೂರಿಗೆ ೧೯೦೫ರಲ್ಲಿ ದೀಪ. ಹಳ್ಳಿಗಳ ಬಹುಭಾಗಕ್ಕೆ ಸ್ವಾತಂತ್ರ್ಯ ಬಂದ ಮೇಲೆ. ಆ ಗಣಿಯ ಪಾತಾಳಕ್ಕೆ ಇಳಿದವರು ಬಹುಮಟ್ಟಿಗೆ ತಮಿಳು ಸೀಮೆಯಿಂದ ಬಂದ ದಲಿತರು. ಬೆಲ್ಲಮಿಯ ಪುಸ್ತಕದಲ್ಲಿ ಗಣಿಯವನಿಗೆ ಎಲ್ಲರಿಗಿಂತ ಕಡಮೆ ಹೊತ್ತು, ಎಲ್ಲರಷ್ಟೇ ಪಾಲು. ಕೋಲಾರದಲ್ಲಿ ಚಿನ್ನ ಹಡಗು ಹತ್ತಿತು, ಕಲ್ಲಿನ ಧೂಳು ಎದೆಯಲ್ಲಿ ಉಳಿಯಿತು. ೨೦೦೧ರಲ್ಲಿ ಗಣಿಯೂ ಮುಚ್ಚಿತು. ಯಂತ್ರ ಅದೇ ಯಂತ್ರ. ಅದರಿಂದ ಉಳಿದ ಹೊತ್ತು ಯಾರಿಗೆ ಸಂದಿತು ಎಂಬುದೇ ಇಲ್ಲಿಯ ಪ್ರಶ್ನೆ.

ಈಗ ಎರಡನೆಯವನು, ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರದವನು. ವಿಲಿಯಂ ಮಾರಿಸ್. ೧೮೩೪ರಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿದ. ತಂದೆಗೆ ತಾಮ್ರದ ಗಣಿಯಲ್ಲಿ ಪಾಲಿತ್ತು. ಕವಿ, ಬಟ್ಟೆಗೆ ಬಣ್ಣ ಹಾಕುವವನು, ನೇಯುವವನು, ಅಚ್ಚುಕೂಟದವನು. ನೀಲಿಯ ತೊಟ್ಟಿಯಲ್ಲಿ ತಾನೇ ಕೈ ಅದ್ದಿ, ಮೊಣಕೈವರೆಗೆ ನೀಲಿಯಾಗಿ ತಿರುಗಾಡುತ್ತಿದ್ದನಂತೆ. ಹಿಂದೆ ಹೇಳಿದೆವಲ್ಲ, ನಮ್ಮ ಕೈಕಸುಬುದಾರರನ್ನು ನೆನೆದವನೆಂದು, ಅವನು ಇವನೇ. ೧೮೭೯ರ ಒಂದು ಭಾಷಣದಲ್ಲಿ, ಇಂಗ್ಲಿಷರ ಆಳ್ವಿಕೆ ಮತ್ತು ವ್ಯಾಪಾರ ಇಂಡಿಯಾದ ಕುಶಲಕಲೆಗಳನ್ನು ಹಾಳುಗೆಡವುತ್ತಿವೆ ಎಂದು ತನ್ನ ಜನರಿಗೇ ಎದುರಾಡಿದ. ಮೊಳಕಾಲ್ಮೂರಿನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತ ನೇಕಾರನನ್ನು ಕಂಡಿದ್ದರೆ ಅವನ ಪಕ್ಕದಲ್ಲೇ ಕುಳಿತುಬಿಡುತ್ತಿದ್ದನೆಂದು ನಮಗೆ ತೋರುತ್ತದೆ. ನಲವತ್ತೊಂಬತ್ತು ತುಂಬುವ ಮೊದಲು ಸಮಾಜವಾದಿಯಾದ. ೧೮೮೭ರ ನವೆಂಬರ್ ೧೩ರಂದು ಟ್ರಫಾಲ್ಗರ್ ಚೌಕದಲ್ಲಿ ಪೊಲೀಸರು ಜನರನ್ನು ಬಡಿದಾಗ ಆ ಮೆರವಣಿಗೆಯಲ್ಲಿ ಇದ್ದ.

ಬೆಲ್ಲಮಿಯ ಪುಸ್ತಕ ಓದಿ ಮಾರಿಸನಿಗೆ ಮೈ ಉರಿಯಿತು. ೧೮೮೯ರ ಜೂನಿನಲ್ಲಿ ತನ್ನ ಸಂಘದ ವಾರಪತ್ರಿಕೆಯಾದ 'ಕಾಮನ್‌ವೀಲ್'ನಲ್ಲಿ ವಿಮರ್ಶೆ ಬರೆದ. ಅವನ ಆಕ್ಷೇಪದ ತಿರುಳು ಇದು: ಈತ ಕೆಲಸವನ್ನು ಆದಷ್ಟು ಬೇಗ ಮುಗಿಸಬೇಕಾದ ಪೀಡೆ ಎಂದುಕೊಂಡಿದ್ದಾನೆ, ಯಂತ್ರದ ಮೇಲೆ ಯಂತ್ರ ಪೇರಿಸಿದ್ದಾನೆ, ಎಲ್ಲವನ್ನೂ ದೂರದ ಒಂದು ಕಚೇರಿ ನೋಡಿಕೊಳ್ಳಲಿ ಎನ್ನುತ್ತಾನೆ. ಕೆಲಸದಲ್ಲೇ ಸುಖ ಕಾಣುವಂತೆ ಮಾಡದಿದ್ದರೆ ಸಮಾಜವಾದ ಮಾಡಿದ್ದೇನು? ವಿಮರ್ಶೆಯಿಂದ ತೃಪ್ತಿಯಾಗದೆ ಮರುವರ್ಷ, ೧೮೯೦ರ ಜನವರಿಯಿಂದ ಅಕ್ಟೋಬರ್‌ವರೆಗೆ, ಅದೇ ಪತ್ರಿಕೆಯಲ್ಲಿ ವಾರವಾರವೂ ತನ್ನ ಕಥೆಯನ್ನು ಬರೆದ. 'ನ್ಯೂಸ್ ಫ್ರಮ್ ನೋವೇರ್', ಎಲ್ಲಿಯೂ ಇಲ್ಲದ ಊರಿನ ಸಮಾಚಾರ. ಆ ಪತ್ರಿಕೆ ನಡೆಯುತ್ತಿದ್ದದ್ದು ಬಹುಮಟ್ಟಿಗೆ ಅವನ ಕಿಸೆಯ ಹಣದಿಂದ. ಕಥೆ ಬರುತ್ತಿದ್ದಾಗಲೇ ಸಂಘದವರು ಅವನನ್ನು ಸಂಪಾದಕ ಸ್ಥಾನದಿಂದ ಇಳಿಸಿದರು. ಆದರೂ ಕಂತು ನಿಲ್ಲಿಸಲಿಲ್ಲ.

ಕಥೆಯ ಮೊದಲ ಪುಟ ಓದಿ ನಾವು ನಕ್ಕೆವು. ಸಂಘದ ಸಭೆ ನಡೆದಿದೆ. ಬಂದವರು ಆರು ಜನ, ಆದುದರಿಂದ ಪಕ್ಷದ ಆರು ಪಂಗಡಗಳು ಹಾಜರಿದ್ದವು ಎನ್ನುತ್ತಾನೆ. ೧೯೩೪ರಿಂದ ಇತ್ತ ನಮ್ಮ ದೇಶದ ಸಮಾಜವಾದಿ ಪಕ್ಷ ಎಷ್ಟು ಸಲ ಕೂಡಿತು, ಎಷ್ಟು ಸಲ ಒಡೆಯಿತು ಎಂಬುದನ್ನು ಬಲ್ಲ ಹಿರಿಯರು ಈಗ ನಗುತ್ತಿಲ್ಲವೆಂಬುದನ್ನು ನಾವು ಕಾಣುತ್ತಿದ್ದೇವೆ.

ಸಭೆ ಮುಗಿಸಿ ಮನೆಗೆ ಬಂದು ಮಲಗಿದವನು ಬಹುಕಾಲದ ಆಚೆಗೆ ಎಚ್ಚರಗೊಳ್ಳುತ್ತಾನೆ. ಥೇಮ್ಸ್ ನದಿಯ ನೀರು ತಿಳಿಯಾಗಿದೆ, ಮೀನು ಬಂದಿದೆ. ದೋಣಿಯವನಿಗೆ ದುಡ್ಡು ಕೊಡಹೋದರೆ ಅವನಿಗೆ ಅದು ಅರ್ಥವೇ ಆಗುವುದಿಲ್ಲ. ಪಾರ್ಲಿಮೆಂಟಿನ ಭವನವನ್ನು ಗೊಬ್ಬರ ಕೂಡಿಡಲು ಬಳಸುತ್ತಿದ್ದಾರೆ! ಟ್ರಫಾಲ್ಗರ್ ಚೌಕದಲ್ಲಿ ಹಣ್ಣಿನ ತೋಟ. ಈ ಬದಲಾವಣೆ ಹೇಗಾಯಿತೆಂಬುದನ್ನು ಹ್ಯಾಮಂಡ್ ಎಂಬ ಮುದುಕ ವಿವರಿಸುತ್ತಾನೆ. ಚೌಕದಲ್ಲಿ ಗೋಲಿಬಾರು, ಸಾರ್ವತ್ರಿಕ ಮುಷ್ಕರ, ಅಂತರ್ಯುದ್ಧ; ಇದೆಲ್ಲ ಶುರುವಾದ ವರ್ಷ ೧೯೫೨ ಎನ್ನುತ್ತಾನೆ. ಆ ೧೯೫೨ರಲ್ಲಿ ಲಂಡನ್ನಿನಲ್ಲಿ ಅಂಥದೇನೂ ಆಗಲಿಲ್ಲ. ನಮ್ಮಲ್ಲಿ ಮೊದಲ ಮಹಾಚುನಾವಣೆ ಮುಗಿದು, ಕಾಗೋಡಿನ ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು ಮೈಸೂರಿನ ವಿಧಾನಸಭೆಗೆ ಹೋದರು.

ಹೊಲಸು ಕೆಲಸದ ಪ್ರಶ್ನೆಗೆ ಮಾರಿಸನ ಉತ್ತರ ಬೇರೆಯೇ. ಬೆಳಗಿನ ಊಟದ ಹೊತ್ತಿಗೆ ಚಿನ್ನದ ಕಸೂತಿಯ ಉಡುಪು ತೊಟ್ಟ ಒಬ್ಬ ಭರ್ಜರಿ ಆಸಾಮಿ ಬರುತ್ತಾನೆ. ಯಾವ ಸೀಮೆಯ ಪ್ರಭುವೋ ಎಂದುಕೊಂಡರೆ ಅವನು ಊರಿನ ಕಸ ಬಾಚುವವನು. ಬಿಡುವಿನಲ್ಲಿ ಕಾದಂಬರಿ ಬರೆಯುತ್ತಾನೆ. ಕಸ ಬಾಚುವವನಿಗೆ ಚಿನ್ನದ ಅಂಗಿ ಎಂಬುದು ಮಾರಿಸನ ತಮಾಷೆ. ಆದರೆ ತಮಾಷೆಯಷ್ಟೇ ಅಲ್ಲ. ಬೆಲ್ಲಮಿ ಆ ಕೆಲಸದ ಹೊತ್ತು ಕಡಮೆ ಮಾಡಿದ. ಮಾರಿಸ್ ಆ ಕೆಲಸದ ಮೇಲಿನ ಅವಮಾನವನ್ನು ತೆಗೆದ. ನಮಗೆ ಎರಡೂ ಬೇಕು, ಎರಡೂ ಸೇರಿದರೂ ಸಾಲದು. ಏಕೆಂದರೆ ಇಂಗ್ಲೆಂಡಿನ ಕಸದವನ ಮಗ ಕಸದವನೇ ಆಗಬೇಕೆಂಬ ಶಾಸ್ತ್ರವಿರಲಿಲ್ಲ. ಇಲ್ಲಿ ಹೊಟ್ಟೆಯೊಳಗಿನ ಕೂಸಿಗೇ ಪೊರಕೆ ಗೊತ್ತುಮಾಡಿರುತ್ತಾರೆ.

ಮಾರಿಸನನ್ನು ಓದುವಾಗ ಗಾಂಧೀಜಿ ನೆನಪಾಗುತ್ತಾರೆ. ಆಶ್ಚರ್ಯವಿಲ್ಲ, ಇಬ್ಬರಿಗೂ ರಸ್ಕಿನ್ ಗುರು. ಆ ಕಂತುಗಳು ಅಚ್ಚಾಗುತ್ತಿದ್ದ ವರ್ಷ ಗಾಂಧೀಜಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಇಪ್ಪತ್ತರ ತರುಣ. ೧೯೦೪ರಲ್ಲಿ ದಕ್ಷಿಣ ಆಫ್ರಿಕದ ರೈಲಿನಲ್ಲಿ ರಸ್ಕಿನ್ನನ ಪುಸ್ತಕ ಓದಿ ಅದೇ ವರ್ಷ ಫೀನಿಕ್ಸ್ ಆಶ್ರಮ ಕಟ್ಟಿದರು. ಅವರ ಆಶ್ರಮಗಳಲ್ಲಿ ಕಕ್ಕಸು ತೊಳೆಯುವ ಕೆಲಸ ಎಲ್ಲರ ಪಾಲಿಗೂ ಬರುತ್ತಿತ್ತು. ಇತ್ತ ಬೆಲ್ಲಮಿಯ ದಾರಿಗೆ ನಮ್ಮಲ್ಲೇ ಒಬ್ಬರಿದ್ದರು, ವಿಶ್ವೇಶ್ವರಯ್ಯನವರು: ೧೯೧೨ರಿಂದ ೧೮ರವರೆಗೆ ದಿವಾನರು, ೧೯೨೩ರಲ್ಲಿ ಕೆಲಸ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹಿಂದಿನ ಶಕ್ತಿ, ೧೯೩೪ರಲ್ಲಿ ಇಡೀ ದೇಶಕ್ಕೆ ಯೋಜನೆಯ ಪುಸ್ತಕ ಬರೆದವರು. ಬೋಸ್ಟನ್ ಲಂಡನ್ನುಗಳ ಜಗಳ ಹೀಗೆ ನಮ್ಮ ಜಗುಲಿಗೂ ಬಂತು. ಚರಕವೋ, ಕುಲುಮೆಯೋ? ಲೋಹಿಯಾ ಅವರು ೧೯೫೨ರಲ್ಲಿ ಪಚ್‌ಮಢಿಯ ಅಧ್ಯಕ್ಷ ಭಾಷಣದಲ್ಲಿ ಮೂರನೆಯ ದಾರಿ ತೋರಿಸಿದರು. ಹಳ್ಳಿಯ ಕೈಗೆ ಎಟುಕುವ, ಹಳ್ಳಿಯವನೇ ಒಡೆಯನಾಗಬಲ್ಲ ಸಣ್ಣ ಯಂತ್ರ.

ಆದರೆ ಹಳ್ಳಿ ಎಂದರೆ ಯಾವ ಹಳ್ಳಿ? ಮಾರಿಸನ ಹಳ್ಳಿಯಲ್ಲಿ ಕೇರಿಗಳಿಲ್ಲ. ಅಂಬೇಡ್ಕರರು ೧೯೪೮ರ ನವೆಂಬರ್ ೪ರಂದು ಸಂವಿಧಾನ ಸಭೆಯಲ್ಲಿ ನಮ್ಮ ಹಳ್ಳಿಯನ್ನು ಹೊಗಳುವವರ ಮುಖಕ್ಕೆ ಹೊಡೆದಂತೆ ಮಾತನಾಡಿದರು. ಅದು ಸಂಕುಚಿತತೆಯ ಮತ್ತು ಕೋಮುಭಾವದ ಗೂಡು ಎಂದರು. ನಾವು ಹಳ್ಳಿಯವರು, ಕೇಳಿ ನೋವಾಗುತ್ತದೆ. ನಮ್ಮ ಹುಡುಗಿಯ ನಾಲ್ಕು ಸಾಲನ್ನು ಮತ್ತೆ ನೆನೆದರೆ ಅಂಬೇಡ್ಕರರ ಮಾತನ್ನು ಅಲ್ಲಗಳೆಯಲು ನಾಲಗೆ ಏಳುವುದಿಲ್ಲ.

ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ಮಾತು ನಮಗೆ ಲಂಡನ್ನಿನಿಂದ ಬರಬೇಕಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲೇ ಹುಟ್ಟಿತ್ತು. ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಚಪ್ಪಲಿ ಹೊಲಿಯುವ ಹರಳಯ್ಯ ಅಲ್ಲಿ ಶರಣರ ಸಾಲಿನಲ್ಲಿ ಕುಳಿತರು. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದ ಲಕ್ಕಮ್ಮನ ಕಥೆ ನಿಮಗೆಲ್ಲ ಗೊತ್ತು. ಅದನ್ನು ನಾವು ವರ್ಷಕ್ಕೊಮ್ಮೆ ಜಯಂತಿಯಲ್ಲಿ ಹಾಡಿ ಮುಗಿಸುತ್ತೇವೆ. ೧೯೭೦ರ ದಶಕದ ಮೊದಲಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದರು. ೧೯೯೩ರಲ್ಲಿ ಕೇಂದ್ರದ ಕಾನೂನು ಬಂತು, ೨೦೧೩ರಲ್ಲಿ ಇನ್ನೊಂದು. ಈ ನಡುವೆ, ೨೦೧೦ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬಗಳವರು ತಾವಿದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಮುಂದೆ ಮಲವನ್ನು ತಮ್ಮ ಮೈಮೇಲೆ ತಾವೇ ಸುರಿದುಕೊಂಡರು. ಕಾನೂನು ಪುಸ್ತಕದಲ್ಲಿ ಆ ಕೆಲಸ ಹದಿನೇಳು ವರ್ಷದ ಹಿಂದೆಯೇ ಇಲ್ಲವಾಗಿತ್ತು.

ತಾಯಂದಿರು ಬಹಳ ಹೊತ್ತಿನಿಂದ ಸುಮ್ಮನೆ ಕುಳಿತಿದ್ದೀರಿ. ಮಾರಿಸನ ಮೇಲೆ ನಿಮ್ಮ ಪರವಾಗಿ ಒಂದು ದೂರಿದೆ. ಅಷ್ಟು ದೊಡ್ಡ ಕ್ರಾಂತಿ ಮಾಡಿಸಿದವನು, ಅತಿಥಿಗೃಹದಲ್ಲಿ ಬಡಿಸುವ ಕೆಲಸವನ್ನು ಹೆಂಗಸರಿಗೇ ಬಿಟ್ಟ. ಕೇಳಿದರೆ ಹ್ಯಾಮಂಡ್ ಮುದುಕ, ಮನೆಯನ್ನು ಅಚ್ಚುಕಟ್ಟಾಗಿ ನಡೆಸುವುದು ಹೆಂಗಸರಿಗೆ ಹಿತವೆನ್ನುತ್ತಾನೆ. ನಮ್ಮ ಮುದುಕರೂ ಅದನ್ನೇ ಹೇಳುತ್ತಾರೆ, ಅದಕ್ಕೆ ಕ್ರಾಂತಿ ಬೇಕಾಗಿರಲಿಲ್ಲ. ಬೆಲ್ಲಮಿ ಈ ವಿಷಯದಲ್ಲಿ ವಾಸಿ: ಊರಿಗೆಲ್ಲ ಒಂದು ಅಡಿಗೆಮನೆ, ಒಂದು ಬಟ್ಟೆ ಒಗೆಯುವ ಮನೆ ಮಾಡಿದ.

ಇವರಿಬ್ಬರಿಗೂ ಸರಿಯಾದ ಉತ್ತರ ಬಂದದ್ದು ನಮ್ಮ ದೇಶದಿಂದ. ವಿಕ್ಟೋರಿಯಾ ತೀರಿಕೊಂಡು ನಾಲ್ಕು ವರ್ಷದ ಮೇಲೆ, ೧೯೦೫ರಲ್ಲಿ, ಮದರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜಿನ್' ಎಂಬ ಪತ್ರಿಕೆಯಲ್ಲಿ ಬಂಗಾಳದ ರುಕಿಯಾ ಹುಸೇನ್ ಎಂಬ ಮಹಿಳೆ 'ಸುಲ್ತಾನಳ ಕನಸು' ಎಂಬ ಸಣ್ಣ ಕಥೆ ಬರೆದರು. ಆ ನಾಡಿನಲ್ಲಿ ಗಂಡಸರು ಮನೆಯೊಳಗೆ ಪರದೆಯಲ್ಲಿ, ಹೆಂಗಸರು ಹೊರಗೆ ಆಡಳಿತದಲ್ಲಿ. ಗಂಡಸರು ಏಳು ಗಂಟೆ ಮಾಡುತ್ತಿದ್ದ ಕಚೇರಿ ಕೆಲಸ ಎರಡು ಗಂಟೆಯಲ್ಲಿ ಮುಗಿಯುತ್ತದೆ. ಉಳಿದದ್ದೆಲ್ಲ ಅವರು ಚುಟ್ಟ ಸೇದುತ್ತಿದ್ದ ಹೊತ್ತಂತೆ! ಒಂದು ವಿಶ್ವವಿದ್ಯಾಲಯದ ಹೆಂಗಸರು ಬಲೂನು ಹಾರಿಸಿ ಕೊಳವೆಯಿಂದ ಮೋಡದ ನೀರನ್ನು ಇಳಿಸುತ್ತಾರೆ, ಇನ್ನೊಂದರವರು ಸೂರ್ಯನ ಶಾಖವನ್ನು ಹಿಡಿದಿಟ್ಟು ಅಡಿಗೆ ಮಾಡುತ್ತಾರೆ. ಹೊಗೆಯಿಲ್ಲ, ಮಸಿಯಿಲ್ಲ. ಮೋಡ ತಲೆಯ ಮೇಲೆ ಹಾದುಹೋಗುವುದನ್ನು ನೋಡಿ ನೋಡಿ ಕತ್ತು ನೋಯಿಸಿಕೊಂಡ ನಮ್ಮ ಸೀಮೆಯವರಿಗೆ ಈ ಕಥೆ ಎಷ್ಟು ರುಚಿಸಬೇಕು!

ಆ ಸೂರ್ಯ ಈಗ ನಿಜವಾಗಿಯೂ ಸಿಕ್ಕಿದ್ದಾನೆ. ನೆರೆಯ ಪಾವಗಡ ತಾಲ್ಲೂಕಿನಲ್ಲಿ ೧೩,೦೦೦ ಎಕರೆಯಲ್ಲಿ ಸೂರ್ಯನ ವಿದ್ಯುತ್ತಿನ ಹಲಗೆಗಳನ್ನು ಹಾಸಿದ್ದಾರೆ. ೨,೦೫೦ ಮೆಗಾವಾಟಿನ ಸ್ಥಾವರ. ಭೂಮಿ ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಶುರು. ಬರದಲ್ಲಿ ಬೆಂದ ರೈತನಿಗೆ ಇದು ಸಣ್ಣ ಮಾತಲ್ಲ, ನಾವು ಹೀಗಳೆಯುವುದಿಲ್ಲ. ಆದರೆ ಪಹಣಿಯಲ್ಲಿ ಹೆಸರಿದ್ದವನಿಗೆ ಗುತ್ತಿಗೆಯ ಹಣ. ಆ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ? ಕುರಿ ಮೇಯಿಸುತ್ತಿದ್ದವನಿಗೆ? ಅವರ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುತ್ತಿರುವ ಗಾಳಿಯಂತ್ರಗಳನ್ನು ನೋಡಿದಾಗಲೂ ನಮಗೆ ಶಿವನಸಮುದ್ರದ ತಂತಿಯೇ ನೆನಪಾಗುತ್ತದೆ. ಗಾಳಿ ನಮ್ಮದು, ಗುಡ್ಡ ನಮ್ಮದು. ಲೆಕ್ಕದ ಪುಸ್ತಕ ಎಲ್ಲಿದೆ?

ಕೊನೆಯ ಬಸ್ಸಿಗೆ ಹೊತ್ತಾಯಿತು, ಹೊಳಲ್ಕೆರೆಯ ಕಡೆಯವರು ಚಡಪಡಿಸುತ್ತಿದ್ದಾರೆ. ಒಂದು ಕೆಲಸ ಹಚ್ಚಿ ನಿಲ್ಲಿಸುತ್ತೇವೆ. ಮುಂದಿನ ಕೂಟಕ್ಕೆ ಬರುವಾಗ ಒಬ್ಬೊಬ್ಬರೂ ಒಂದು ಪುಟ ಬರೆದು ತನ್ನಿ: ೨೧೦೦ನೆಯ ಇಸವಿಯ ತಾಳ್ಯ. ಬರೆಯಲು ಬಾರದವರು ಮಕ್ಕಳ ಕೈಯಲ್ಲಿ ಬರೆಸಿ. ವಿಮಾನ ಇಳಿಸುವವರು ಇಳಿಸಿ, ಅಡ್ಡಿಯಿಲ್ಲ. ಆದರೆ ಅದೇ ಪುಟದಲ್ಲಿ ಮೂರು ಸಂಗತಿ ಇರಲೇಬೇಕು: ಚರಂಡಿ ಬಳಿಯುವ ಸರದಿ ಯಾರಿಂದ ಶುರುವಾಗುತ್ತದೆ, ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಗುಡ್ಡದ ಗಾಳಿಯ ಲೆಕ್ಕವನ್ನು ಯಾರು ಯಾರಿಗೆ ಓದಿ ಹೇಳುತ್ತಾರೆ. ನಾಲ್ಕು ಸಾಲಾದರೂ ಸಾಕು. ಒತ್ತಕ್ಷರ ತಪ್ಪಿದರೆ ಈ ಸಲ ನಾವು ಅಂಕ ಕಳೆಯುವುದಿಲ್ಲ.